ಪಂಚಾಯ್ತಿ ಕಂಪ್ಯೂಟರಿನ ಲೆಕ್ಕ: ಆಪರೇಟರ್ ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ ತಗೊಳ್ಳಬಹುದೇ?

ಪ್ರಶ್ನೆ: ನಾವು ಕೊಪ್ಪಳ ಜಿಲ್ಲೆ ಕಾರಟಗಿ ತಾಲ್ಲೂಕಿನವರು. ನಮ್ಮ ಗ್ರಾಮ ಪಂಚಾಯ್ತಿಯಲ್ಲಿ 2023-24ರಾಗ 15ನೇ ಹಣಕಾಸಿನ ದುಡ್ಡಿನಿಂದ ಬೀದಿ ದೀಪ ಮತ್ತ ಚರಂಡಿ ಕೆಲಸ ಆಗ್ಯಾವ ಅಂತ ಲೆಕ್ಕದಾಗ ಐತಿ. ಮೂರು ಓಣಿಯೊಳಗ ದೀಪಾನ ಇಲ್ಲ. ಮಾಹಿತಿ ಹಕ್ಕಿನ್ಯಾಗ ಬಿಲ್, ಓಚರ್, ಫೋಟೊ ಎಲ್ಲಾ ಪೆನ್‌ಡ್ರೈವ್‌ನಾಗ ಕೊಡ್ರಿ ಅಂತ ಕೇಳಿದ್ದೆ. ‘ಕೋರಿದ ಮಾಹಿತಿಯು ಗಣಕಯಂತ್ರದಲ್ಲಿ ಇರುತ್ತದೆ, ಕಾಗದ ರೂಪದಲ್ಲಿ ಲಭ್ಯವಿರುವುದಿಲ್ಲ’ ಅಂತ ಹಿಂಬರಹ ಬಂತು. ಅದು ಕೈಗೆ ಬಂದು 12 ದಿನ ಆತು. ಅಲ್ಲೇ ಕೆಲಸ ಮಾಡೋ ಕಂಪ್ಯೂಟರ್ ಆಪರೇಟರ್ ನಮ್ಮ ಗೆಳೆಯ. ‘ಪಿಡಿಒ ಸಾಹೇಬ್ರ ಪಾಸ್‌ವರ್ಡ್ ನನಗ ಗೊತ್ತೈತಿ, ಸಂಜಿಗೆ ಎಲ್ಲಾ ಕಾಪಿ ಮಾಡಿ ಕೊಡ್ತೀನಿ’ ಅಂತಾನ. ಊರಿನ ದುಡ್ಡಿನ ಲೆಕ್ಕ, ಊರವರು ನೋಡಿದ್ರ ತಪ್ಪೇನ್ರಿ ಸರ್? ತಗೊಂಡು ನಮ್ಮೂರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಹುದಾ?

ಉತ್ತರ: ತಗೊಳ್ಳಬೇಡಿ. ಲೆಕ್ಕ ನೋಡುವ ಹಕ್ಕು ನಿಮಗೆ ಪೂರಾ ಇದೆ. ಆದರೆ ಗೆಳೆಯ ಸಂಜೆ ಮಾಡಿಕೊಡುವ ನಕಲು ನಿಮ್ಮಿಬ್ಬರನ್ನೂ ಸಿಕ್ಕಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾಳೆ ಆ ನಕಲು ನಿಮ್ಮ ಕೆಲಸಕ್ಕೇ ಬರುವುದಿಲ್ಲ. ನಿಮಗೆ ಬಂದ ಹಿಂಬರಹವೂ ಕಾನೂನಿನ ಮುಂದೆ ನಿಲ್ಲುವಂಥದ್ದಲ್ಲ. ಹಿಂಬರಹ ಕೈಸೇರಿದ ದಿನದಿಂದ 30 ದಿನದೊಳಗೆ ಪ್ರಥಮ ಮೇಲ್ಮನವಿ ಹಾಕಬೇಕು. ನಿಮಗೆ ಉಳಿದಿರುವುದು 18 ದಿನ.

ಮೊದಲು ಗೆಳೆಯನ ಮಾತು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43 ಓದಿದರೆ ಅದರಲ್ಲಿ ‘ರಹಸ್ಯ ಮಾಹಿತಿ’ ಎಂಬ ಮಾತೇ ಇಲ್ಲ. ಕಂಪ್ಯೂಟರಿನ ಮಾಲೀಕರ ಅಥವಾ ಅದರ ಹೊಣೆ ಹೊತ್ತವರ ಅನುಮತಿ ಇಲ್ಲದೆ ಅದರೊಳಗೆ ಪ್ರವೇಶಿಸುವುದು, ಅದರಲ್ಲಿನ ದತ್ತಾಂಶ ಇಳಿಸಿಕೊಳ್ಳುವುದು, ನಕಲು ಮಾಡುವುದು, ಇನ್ನೊಬ್ಬರು ಹಾಗೆ ಒಳಹೋಗಲು ನೆರವಾಗುವುದು, ಇವೆಲ್ಲಕ್ಕೂ ನಷ್ಟ ಪರಿಹಾರ ಕಟ್ಟಿಕೊಡಬೇಕು ಎನ್ನುತ್ತದೆ. ಪೆನ್‌ಡ್ರೈವ್‌ನಂಥ ಸಾಧನದಿಂದ ಎತ್ತಿದ ದತ್ತಾಂಶವೂ ಇದರಲ್ಲಿ ಬರುತ್ತದೆ. ಕಾನೂನು ಮೊದಲು ನೋಡುವುದು ಅನುಮತಿ ಇತ್ತೇ ಇಲ್ಲವೇ ಎಂಬುದನ್ನು. ಕಡತದಲ್ಲಿ ಏನಿತ್ತು ಎಂಬುದು ಆಮೇಲಿನ ಮಾತು. ಊರಿನ ದುಡ್ಡಿನ ಲೆಕ್ಕ ಎಂಬ ನಿಮ್ಮ ವಾದ ಸರಿಯೇ, ಆದರೆ ಈ ಸೆಕ್ಷನ್ನಿಗೆ ಅದು ಉತ್ತರವಾಗುವುದಿಲ್ಲ.

‘ಅವನು ಅಲ್ಲೇ ಕೆಲಸ ಮಾಡುವವನು, ಅವನಿಗೆ ಅನುಮತಿ ಇದೆಯಲ್ಲ’ ಎಂದು ನೀವು ಕೇಳಬಹುದು. ಅವನಿಗಿರುವ ಅನುಮತಿ ಕಚೇರಿ ಕೆಲಸಕ್ಕೆ, ಅವನಿಗೆ ಕೊಟ್ಟ ಲಾಗಿನ್‌ನಿಂದ, ಅವನಿಗೆ ಒಪ್ಪಿಸಿದ ಕೆಲಸದ ಮಟ್ಟಿಗೆ. ಪಿಡಿಒ ಅವರ ಪಾಸ್‌ವರ್ಡ್ ಅವನಿಗೆ ಗೊತ್ತಿದೆ ಎನ್ನುವುದು ಬೇರೆ, ಅದನ್ನು ಹೊರಗಿನವರಿಗಾಗಿ ಬಳಸಲು ಅವರು ಒಪ್ಪಿದ್ದಾರೆ ಎನ್ನುವುದು ಬೇರೆ. ಪಾಸ್‌ವರ್ಡ್ ಬರೆದ ಚೀಟಿಯನ್ನು ಮಾನಿಟರಿನ ಅಂಚಿಗೇ ಅಂಟಿಸಿಟ್ಟಿದ್ದರೂ ಅದು ಅನುಮತಿಯಾಗುವುದಿಲ್ಲ. ಚೀಟಿ ಅಂಟಿಸಿದವರ ಬೇಜವಾಬ್ದಾರಿಗೆ ಅವರು ಉತ್ತರ ಕೊಡಬೇಕು, ಆ ಮಾತು ಬೇರೆ.

ಸೆಕ್ಷನ್ 43ರಲ್ಲಿ ಹೇಳಿದ ಕೆಲಸವನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ ಸೆಕ್ಷನ್ 66 ಬರುತ್ತದೆ: 3 ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇನ್ನೊಬ್ಬರ ಪಾಸ್‌ವರ್ಡನ್ನಾಗಲಿ ಡಿಜಿಟಲ್ ಸಹಿಯನ್ನಾಗಲಿ ಅಪ್ರಾಮಾಣಿಕವಾಗಿ ಬಳಸಿದರೆ ಸೆಕ್ಷನ್ 66ಸಿ: 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಮಾಡಲು ಹಚ್ಚಿದವರಿಗೂ ಮಾಡಿದವರಷ್ಟೇ ಶಿಕ್ಷೆ ಎನ್ನುತ್ತದೆ ಸೆಕ್ಷನ್ 84ಬಿ. ‘ನಾನು ಕಂಪ್ಯೂಟರ್ ಮುಟ್ಟೇ ಇಲ್ಲ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

‘ನನ್ನದು ಅಪ್ರಾಮಾಣಿಕತೆ ಅಲ್ಲ, ಊರಿನ ಕೆಲಸ’ ಎಂಬ ವಾದಕ್ಕೆ ಬೆಲೆ ಇಲ್ಲವೆಂದಲ್ಲ. ಕಾನೂನಿನಲ್ಲಿ ಅಪ್ರಾಮಾಣಿಕತೆ ಎಂದರೆ ಅನ್ಯಾಯದ ಲಾಭ ಮಾಡಿಕೊಳ್ಳುವ ಅಥವಾ ಇನ್ನೊಬ್ಬರಿಗೆ ಅನ್ಯಾಯದ ನಷ್ಟ ಮಾಡುವ ಉದ್ದೇಶ. ನಿಮಗೆ ಅದಿರಲಿಲ್ಲ ಎಂದು ಸಾಬೀತಾದರೆ ಸೆಕ್ಷನ್ 66 ಬಿದ್ದುಹೋಗಬಹುದು. ಆದರೆ ಅದು ಸಾಬೀತಾಗುವುದು ಕೋರ್ಟಿನಲ್ಲಿ, ವರ್ಷಗಳ ನಂತರ. ಜಾಮೀನು ಸಿಗುವ ಅಪರಾಧವೇ ಆದರೂ ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಇದು. ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದವರು ತನಿಖೆ ಮಾಡಬೇಕು, ಹಾಗಾಗಿ ದೂರು ಸಾಮಾನ್ಯವಾಗಿ ಜಿಲ್ಲೆಯ ಸಿಇಎನ್ ಠಾಣೆಗೆ, ಅಂದರೆ ಸೈಬರ್ ಅಪರಾಧ ನೋಡುವ ಠಾಣೆಗೆ, ಹೋಗುತ್ತದೆ. ತನಿಖೆಗೆಂದು ನಿಮ್ಮ ಫೋನು, ಲ್ಯಾಪ್‌ಟಾಪ್ ಜಪ್ತಿಯಾದರೆ ಬೇಗ ಕೈಗೆ ಬರುವ ವಸ್ತುಗಳಲ್ಲ ಅವು. ಸೆಕ್ಷನ್ 43ರ ಪರಿಹಾರಕ್ಕಂತೂ ಅಪ್ರಾಮಾಣಿಕತೆಯೂ ಬೇಕಿಲ್ಲ, ಅನುಮತಿ ಇರಲಿಲ್ಲ ಎಂದರೆ ಸಾಕು. 5 ಕೋಟಿವರೆಗಿನ ಇಂಥ ಪರಿಹಾರದ ಅರ್ಜಿಗಳ ವಿಚಾರಣೆ ಸಿವಿಲ್ ಕೋರ್ಟಿನಲ್ಲಿ ನಡೆಯುವುದಿಲ್ಲ. ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯವರೇ ನ್ಯಾಯನಿರ್ಣಯ ಅಧಿಕಾರಿ. ಅಂದರೆ ಕಾರಟಗಿಯಿಂದ ಬೆಂಗಳೂರಿಗೆ ತಿರುಗಬೇಕು.

ಮುಖ್ಯವಾದದ್ದು ಇನ್ನೊಂದಿದೆ. ಪಂಚಾಯ್ತಿ ಪಾವತಿಗಳು ಈಗ ಡಿಜಿಟಲ್ ಸಹಿಯ ಡಾಂಗಲ್ (ಪೆನ್‌ಡ್ರೈವ್‌ನಂಥ ಸಣ್ಣ ಸಾಧನ) ಮೇಲೆ ನಡೆಯುತ್ತವೆ. ಆ ಡಾಂಗಲ್ ಯಾರ ಹೆಸರಿನದೋ ಅವರೇ ಅದನ್ನು ಎಚ್ಚರದಿಂದ ತಮ್ಮ ಹಿಡಿತದಲ್ಲಿ ಇಟ್ಟುಕೊಳ್ಳಬೇಕು ಎಂದು ಅದೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 42 ಹೇಳುತ್ತದೆ. ಅದು ಆಪರೇಟರ್ ಟೇಬಲ್ ಮೇಲೆ ಬಿದ್ದಿರುತ್ತದೆ ಎನ್ನುವ ಊರುಗಳು ಕಡಿಮೆಯೇನಲ್ಲ. ನಿಮ್ಮ ಗೆಳೆಯ ಇಂದು ಪಿಡಿಒ ಲಾಗಿನ್‌ನಿಂದ ಒಳಹೋದರೆ ಸರ್ವರಿನ ದಾಖಲೆಯಲ್ಲಿ ಸಮಯ ಉಳಿಯುತ್ತದೆ. ನಾಳೆ ದೀಪದ ಬಿಲ್ಲಿನಲ್ಲಿ ಗೋಲ್‌ಮಾಲ್ ಸಿಕ್ಕಿತು ಅನ್ನಿ. ‘ನನ್ನ ಲಾಗಿನ್ ಆಪರೇಟರ್ ಬಳಸುತ್ತಿದ್ದ, ಇಂಥ ದಿನ ಸಂಜೆ 6.40ಕ್ಕೆ ನಾನು ಕಚೇರಿಯಲ್ಲೇ ಇರಲಿಲ್ಲ, ಆದರೂ ಲಾಗಿನ್ ಆಗಿದೆ ನೋಡಿ’ ಎನ್ನಲು ಅವರಿಗೆ ನೀವೇ ದಾರಿ ಮಾಡಿಕೊಟ್ಟಂತೆ. ತಪ್ಪು ಮಾಡಿದವರು ಪಾರು, ಗುತ್ತಿಗೆ ನೌಕರ ಒಳಗೆ. ಒಳಗಿನ ಭ್ರಷ್ಟಾಚಾರದ ಬಗ್ಗೆ ದೂರು ಕೊಟ್ಟವರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. ಅದನ್ನು ಜಾರಿಗೆ ತರಲೇ ಇಲ್ಲ. ಅದನ್ನು ನಂಬಿ ಗೆಳೆಯನನ್ನು ಮುಂದೆ ಬಿಡಬೇಡಿ.

ಕದ್ದು ತಂದ ನಕಲು ಯಾಕೆ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ತಪ್ಪು ದಾರಿಯಲ್ಲಿ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಸಾಕ್ಷ್ಯವನ್ನು ತಳ್ಳಿಹಾಕುವ ರೂಢಿ ನಮ್ಮ ಕೋರ್ಟುಗಳಲ್ಲಿ ಇಲ್ಲ. ಅದು ನಿಜ. ತೊಡಕಿರುವುದು ಪ್ರಮಾಣಪತ್ರದಲ್ಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಕಂಪ್ಯೂಟರಿನಿಂದ ತೆಗೆದ ನಕಲನ್ನು ಕೋರ್ಟಿಗೆ ಕೊಡುವಾಗ ಎರಡು ಭಾಗದ ಪ್ರಮಾಣಪತ್ರ ಬೇಕು. ಭಾಗ ಎ ಹಾಜರುಪಡಿಸುವವರದು, ಭಾಗ ಬಿ ತಜ್ಞರದು. ಯಾವ ಸಾಧನ, ಅದು ಯಾರ ಸುಪರ್ದಿಯಲ್ಲಿತ್ತು, ಹೇಗೆ ತೆಗೆದದ್ದು, ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಗುರುತು) ಎಷ್ಟು, ಎಲ್ಲವನ್ನೂ ಬರೆಯಬೇಕು. ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಹೇಳಿತ್ತು. ಹೊಸ ಕಾಯ್ದೆ ಅದನ್ನೇ ಇನ್ನಷ್ಟು ಬಿಗಿ ಮಾಡಿದೆ. ಈಗ ಹೇಳಿ, ನಿಮ್ಮ ಪೆನ್‌ಡ್ರೈವ್‌ಗೆ ಈ ಪ್ರಮಾಣಪತ್ರ ಯಾರು ಬರೆದುಕೊಡುತ್ತಾರೆ? ಗೆಳೆಯ ಸಹಿ ಹಾಕಿದರೆ ತನ್ನ ತಪ್ಪೊಪ್ಪಿಗೆಗೆ ತಾನೇ ಸಹಿ ಹಾಕಿದಂತೆ. ಹಾಕದಿದ್ದರೆ ಆ ಕಡತ ನೀವೇ ಮನೆಯಲ್ಲಿ ಟೈಪ್ ಮಾಡಿದ್ದಲ್ಲ ಎಂದು ತೋರಿಸಲು ನಿಮ್ಮ ಹತ್ತಿರ ಏನೂ ಇಲ್ಲ. ಅದೇ ಓಚರನ್ನು ಮಾಹಿತಿ ಅಧಿಕಾರಿ ಸೀಲು ಹಾಕಿ, ದೃಢೀಕರಿಸಿ ಕೊಟ್ಟರೆ ಅದರ ಹಿಂದೆ ಒಂದು ಸರ್ಕಾರಿ ಸಹಿ ನಿಂತಿರುತ್ತದೆ.

ಇನ್ನು ನಿಮಗೆ ಬಂದ ಹಿಂಬರಹ. ‘ಗಣಕಯಂತ್ರದಲ್ಲಿ ಇರುತ್ತದೆ, ಕಾಗದದಲ್ಲಿ ಇಲ್ಲ’ ಎಂಬುದು ನಿರಾಕರಣೆಯ ಕಾರಣವೇ ಅಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 2(ಎಫ್)ನಲ್ಲಿ ಮಾಹಿತಿ ಎಂಬುದರ ಅರ್ಥದಲ್ಲೇ ಎಲೆಕ್ಟ್ರಾನಿಕ್ ರೂಪದ ದತ್ತಾಂಶ ಸೇರಿದೆ. ಸೆಕ್ಷನ್ 2(ಐ)ನಲ್ಲಿ ಕಂಪ್ಯೂಟರಿನಿಂದ ತಯಾರಾದದ್ದೂ ದಾಖಲೆಯೇ. ಸೆಕ್ಷನ್ 2(ಜೆ) ಇನ್ನೂ ಸ್ಪಷ್ಟ: ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ಫ್ಲಾಪಿ, ಟೇಪು ಅಥವಾ ಬೇರೆ ಯಾವುದೇ ಎಲೆಕ್ಟ್ರಾನಿಕ್ ವಿಧಾನದಲ್ಲಿ, ಇಲ್ಲವೇ ಪ್ರಿಂಟ್ ತೆಗೆದು ಪಡೆಯುವುದು ಹಕ್ಕಿನ ಭಾಗ. ಫ್ಲಾಪಿಯ ಕಾಲ ಹೋಯಿತು, ‘ಬೇರೆ ಯಾವುದೇ’ ಎಂಬ ಮಾತಿನೊಳಗೆ ಪೆನ್‌ಡ್ರೈವ್, ಇಮೇಲ್ ಎರಡೂ ಬರುತ್ತವೆ. ಸೆಕ್ಷನ್ 7(9) ತೋರಿಸಿ ‘ಪೆನ್‌ಡ್ರೈವ್‌ನಲ್ಲಿ ಕೊಡಲು ಬರುವುದಿಲ್ಲ’ ಎನ್ನುವ ಕಚೇರಿಗಳಿವೆ. ಕೇಳಿದ ರೂಪದಲ್ಲೇ ಕೊಡುವುದರಿಂದ ಕಚೇರಿಯ ಸಂಪನ್ಮೂಲದ ಮೇಲೆ ಅತಿಯಾದ ಹೊರೆ ಬೀಳುವುದಾದರೆ, ಅಥವಾ ದಾಖಲೆಗೇ ಅಪಾಯವಿದ್ದರೆ, ಬೇರೆ ರೂಪದಲ್ಲಿ ಕೊಡಬಹುದು ಎಂಬುದಷ್ಟೇ ಆ ಸೆಕ್ಷನ್ನಿನ ಮಾತು. ಕೊಡದೇ ಇರಲು ಅದು ಕಾರಣವಾಗುವುದಿಲ್ಲ. ನೀವು ತಂದ ಪೆನ್‌ಡ್ರೈವನ್ನು ಕಚೇರಿ ಕಂಪ್ಯೂಟರಿಗೆ ಹಾಕಲು ವೈರಸ್ ಭಯದಿಂದ ಒಪ್ಪದಿದ್ದರೆ ಅದು ನ್ಯಾಯವಾದ ಮಾತೇ. ‘ಹೊಸ ಸಿಡಿಯಲ್ಲಾದರೂ ಕೊಡಿ, ಇಮೇಲ್ ಆದರೂ ಮಾಡಿ, ಇಲ್ಲ ಪ್ರಿಂಟ್ ಕೊಡಿ’ ಎಂದು ಅರ್ಜಿಯಲ್ಲೇ ಬರೆದುಬಿಟ್ಟರೆ ಆ ಜಗಳ ಅಲ್ಲಿಗೇ ಮುಗಿಯುತ್ತದೆ.

‘ಹಾರ್ಡ್‌ಡಿಸ್ಕ್ ಹೋಗಿದೆ’ ಎಂಬ ಇನ್ನೊಂದು ಉತ್ತರ ಬರಬಹುದು. ಪಾವತಿಯ ಲೆಕ್ಕ ಪಂಚಾಯ್ತಿಯ ಆ ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುವುದೇ ಇಲ್ಲ. 15ನೇ ಹಣಕಾಸಿನ ಖರ್ಚು ದಾಖಲಾಗುವುದು ಇ-ಗ್ರಾಮಸ್ವರಾಜ್ ಎಂಬ ಸರ್ಕಾರಿ ಜಾಲತಾಣದಲ್ಲಿ, ಅದರ ಸರ್ವರ್ ಬೇರೆ ಕಡೆ ಇದೆ. ಇನ್ನೊಂದು ಕಂಪ್ಯೂಟರಿನಿಂದ ಲಾಗಿನ್ ಆದರೆ ಎಲ್ಲವೂ ಅಲ್ಲೇ ಇರುತ್ತದೆ. ನಿಜವಾಗಿ ಕಳೆದುಹೋಗುವ ಭಯವಿರುವುದು ಕಾಮಗಾರಿಯ ಫೋಟೊಗಳಿಗೆ. ಅವು ಎಂಜಿನಿಯರ ಫೋನಿನಲ್ಲೋ ಕಚೇರಿಯ ಡೆಸ್ಕ್‌ಟಾಪಿನಲ್ಲೋ ಉಳಿದಿರುತ್ತವೆ. ಅರ್ಜಿಯಲ್ಲಿ ಅವುಗಳ ಹೆಸರು ಹಿಡಿದು ಕೇಳಿದ ಮೇಲೆ ಯಾರಾದರೂ ಅಳಿಸಿದರೆ, ಕೋರಿದ ಮಾಹಿತಿಯನ್ನು ನಾಶಮಾಡಿದ್ದಕ್ಕೆ ಸೆಕ್ಷನ್ 20ರ ದಂಡ ಬೀಳಬಹುದು.

ನಿಮ್ಮ ಮೊದಲ ಅರ್ಜಿಯಲ್ಲೂ ಒಂದು ದೌರ್ಬಲ್ಯ ಇದೆ. ‘ಬಿಲ್, ಓಚರ್, ಫೋಟೊ ಎಲ್ಲಾ’ ಎಂದು ಕೇಳಿದ್ದೀರಿ, ದೀಪ ಮತ್ತು ಚರಂಡಿ ಎರಡನ್ನೂ ಸೇರಿಸಿದ್ದೀರಿ. ಕರ್ನಾಟಕದ ಮಾಹಿತಿ ಹಕ್ಕು ನಿಯಮಗಳ 14ನೇ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಬೇರೆ ರಾಜ್ಯದವರು ಹಾಕುವ ಉದ್ದುದ್ದ ಅರ್ಜಿಗಳ ನಮೂನೆಯನ್ನು ಅಂತರ್ಜಾಲದಿಂದ ಇಳಿಸಿಕೊಂಡು ನಮ್ಮವರು ಸೋಲುವುದು ಇಲ್ಲೇ. ಹಾಗಾಗಿ ಮೇಲ್ಮನವಿ ಒಂದು ಕಡೆ ನಡೆಯಲಿ, ಅದರ ಜೊತೆಗೇ ದೀಪಕ್ಕೊಂದು, ಚರಂಡಿಗೊಂದು ಹೊಸ ಅರ್ಜಿ ಹಾಕಿ. ತಲಾ 10 ರೂಪಾಯಿ ಶುಲ್ಕ. ಬಿಪಿಎಲ್ ಕಾರ್ಡಿದ್ದರೆ ಅದರ ನಕಲು ಲಗತ್ತಿಸಿ, ಶುಲ್ಕ ಇಲ್ಲ.

ಅರ್ಜಿಗೆ ಕೂರುವ ಮುನ್ನ ಅರ್ಧ ಗಂಟೆ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಕಳೆಯಿರಿ. ಲಾಗಿನ್ ಬೇಕಿಲ್ಲ. ವರದಿಗಳ ಭಾಗದಲ್ಲಿ ವರ್ಷ, ರಾಜ್ಯ, ಜಿಲ್ಲೆ, ತಾಲ್ಲೂಕು ಆರಿಸುತ್ತ ನಿಮ್ಮ ಪಂಚಾಯ್ತಿಗೆ ಇಳಿದರೆ ಅನುಮೋದನೆಯಾದ ಯೋಜನೆಯೂ ಖರ್ಚಿನ ವರದಿಯೂ ಸಾರ್ವಜನಿಕವಾಗಿ ಸಿಗುತ್ತವೆ. ಕಾಮಗಾರಿಯ ಹೆಸರು, ಮೊತ್ತ, ದಿನಾಂಕ ಅಲ್ಲಿಂದ ಬರೆದುಕೊಳ್ಳಿ. ಅಲ್ಲಿ ಕಂಡದ್ದನ್ನು ಇಳಿಸಿಕೊಳ್ಳಲು, ಹಂಚಲು ಯಾರ ಅಪ್ಪಣೆಯೂ ಬೇಡ. ಒಂದು ಎಚ್ಚರಿಕೆ: ಪುಟದ ವಿಳಾಸದಲ್ಲಿನ ಅಂಕಿ ಬದಲಿಸಿ ಬದಲಿಸಿ ಒಳಗಿನ, ಲಾಗಿನ್ ಹಿಂದಿನ ಪುಟಕ್ಕೆ ನುಗ್ಗಲು ನೋಡುವ ಹುಡುಗರಿದ್ದಾರೆ. ಬೀಗ ಸಡಿಲವಾಗಿತ್ತು ಎಂದರೆ ಮನೆ ಹೊಕ್ಕದ್ದು ಸರಿಯಾಗುವುದಿಲ್ಲ, ಸೆಕ್ಷನ್ 43 ಅಲ್ಲಿಗೂ ಬರುತ್ತದೆ.

ದೀಪದ ಅರ್ಜಿಯ ಒಡಲು ಹೀಗಿದ್ದರೆ ಸಾಕು:

‘ವಿಷಯ: 2023-24ನೇ ಸಾಲಿನ 15ನೇ ಹಣಕಾಸು ಆಯೋಗದ ಅನುದಾನದ ಬೀದಿ ದೀಪ ಕಾಮಗಾರಿ. ಈ ಕಾಮಗಾರಿಯ ಅಂದಾಜು ಪತ್ರಿಕೆ, ಕೊಟೇಷನ್ ಅಥವಾ ಟೆಂಡರ್ ಕಡತ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಸರಬರಾಜುದಾರರ ಬಿಲ್, ಪಾವತಿ ಓಚರ್ ಮತ್ತು ದೀಪಗಳ ದಾಸ್ತಾನು ವಹಿಯ ಪುಟಗಳ ದೃಢೀಕೃತ ನಕಲು ಕೊಡಿ. ಕಾಮಗಾರಿಗೆ ಮುಂಚಿನ ಮತ್ತು ನಂತರದ ಫೋಟೊಗಳನ್ನು ಮೂಲ ಕಡತ ರೂಪದಲ್ಲೇ ಸಿಡಿ, ಪೆನ್‌ಡ್ರೈವ್ ಅಥವಾ ಇಮೇಲ್ ಮೂಲಕ ಕೊಡಿ. ಎಲೆಕ್ಟ್ರಾನಿಕ್ ರೂಪದಲ್ಲಿ ಸಾಧ್ಯವಾಗದ ದಾಖಲೆಗಳ ಪ್ರಿಂಟ್ ಕೊಡಿ. ಆಧಾರ್ ಮತ್ತು ಬ್ಯಾಂಕ್ ಖಾತೆ ಸಂಖ್ಯೆಗಳಿದ್ದರೆ ಮುಚ್ಚಿ ಕೊಡಬಹುದು. ಸದರಿ ಕಡತವನ್ನು ಖುದ್ದಾಗಿ ಪರಿಶೀಲಿಸಲೂ ದಿನಾಂಕ ನಿಗದಿಪಡಿಸಿ.’

ಇದರ ಪ್ರತಿ ಮಾತಿಗೂ ಕಾರಣವಿದೆ. ದಾಸ್ತಾನು ವಹಿ ಯಾಕೆಂದರೆ ಬಿಲ್ಲಿನಲ್ಲಿ 60 ದೀಪ ಇದ್ದು ವಹಿಯಲ್ಲಿ ಬಂದದ್ದು 35 ಎಂದಿದ್ದರೆ ಮುಂದಿನ ಮಾತೇ ಬೇಕಿಲ್ಲ. ಅಳತೆ ಪುಸ್ತಕ, ಅಂದರೆ ಎಂ.ಬಿ., ಪಂಚಾಯ್ತಿಯಲ್ಲಿ ಇರದೆ ಎಂಜಿನಿಯರ ಹತ್ತಿರ ಇರಬಹುದು. ಆಗ ‘ನಮ್ಮಲ್ಲಿ ಇಲ್ಲ’ ಎಂದು ಕೈ ತೊಳೆದುಕೊಳ್ಳಲು ಬರುವುದಿಲ್ಲ: ಸೆಕ್ಷನ್ 5ರ ಪ್ರಕಾರ ಆ ಎಂಜಿನಿಯರಿಂದ ತರಿಸಿಕೊಡಬೇಕು, ಇಲ್ಲವೇ ಸೆಕ್ಷನ್ 6(3)ರಂತೆ 5 ದಿನದೊಳಗೆ ಅರ್ಜಿಯನ್ನು ಆ ಕಚೇರಿಗೆ ವರ್ಗಾಯಿಸಿ ನಿಮಗೆ ತಿಳಿಸಬೇಕು. ‘ಮೂಲ ಕಡತ ರೂಪ’ ಎಂದು ಬರೆದದ್ದು ಫೋಟೊದ ಒಳಗೆ ಅಡಗಿರುವ ದಿನಾಂಕ, ಸಮಯ, ಜಾಗದ ಅಕ್ಷಾಂಶ-ರೇಖಾಂಶಕ್ಕಾಗಿ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಕಳಿಸಿದರೆ ಆ ವಿವರ ಉದುರಿಹೋಗುತ್ತದೆ, ಚಿತ್ರ ಮಾತ್ರ ಬರುತ್ತದೆ. ಒಂದೇ ಕಂಬದ ಫೋಟೊವನ್ನು ಮೂರು ಓಣಿಗೆ ಅಂಟಿಸಿದ್ದರೆ ಗೊತ್ತಾಗುವುದು ಈ ವಿವರದಿಂದಲೇ.

‘ನಮ್ಮ ಓಣಿಗೆ ದೀಪ ಯಾಕೆ ಹಾಕಿಲ್ಲ?’ ಎಂದು ಮಾತ್ರ ಕೇಳಬೇಡಿ. ಕಚೇರಿಯಲ್ಲಿ ಇರುವ ದಾಖಲೆಯನ್ನು ಕೊಡಬೇಕೇ ಹೊರತು ಇಲ್ಲದ್ದನ್ನು ಹೊಸದಾಗಿ ತಯಾರಿಸಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ‘ಯಾಕೆ’ ಎಂಬ ಪ್ರಶ್ನೆಗೆ ದಾಖಲೆ ಇರುವುದಿಲ್ಲ. ಆದರೆ ತಂತ್ರಾಂಶದಲ್ಲಿ ಈಗಾಗಲೇ ಇರುವ ವರದಿಯನ್ನು ಒಂದು ಗುಂಡಿ ಒತ್ತಿ ಪ್ರಿಂಟ್ ತೆಗೆಯುವುದನ್ನು ಹೊಸ ತಯಾರಿ ಎಂದು ಹೇಳುವುದು ಒಪ್ಪುವ ಮಾತಲ್ಲ. ಯಾಕೆ ಬೇಕು ಎಂದು ನಿಮ್ಮನ್ನು ಕೇಳುವಂತೆಯೂ ಇಲ್ಲ, ಸೆಕ್ಷನ್ 6(2).

ಅರ್ಜಿ ಮುಟ್ಟಿದ 30 ದಿನದೊಳಗೆ ಉತ್ತರ ಬರಬೇಕು. ನಡುವೆ ಶುಲ್ಕದ ಪತ್ರ ಬರುತ್ತದೆ: ಎ4 ಪುಟಕ್ಕೆ 2 ರೂಪಾಯಿ, ಅಂದರೆ 46 ಪುಟಕ್ಕೆ 92. ಲೆಕ್ಕ ಹೇಗೆ ಬಂತು ಎಂಬುದನ್ನೂ ಆ ಪತ್ರದಲ್ಲಿ ತೋರಿಸಿರಬೇಕು. ಪತ್ರ ಅವರು ಕಳಿಸಿದ ದಿನದಿಂದ ನೀವು ಹಣ ಕಟ್ಟುವ ದಿನದವರೆಗಿನ ದಿನಗಳು 30ರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಬಂದ ದಿನವೇ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಅವಧಿ ಮೀರಿದ ಮೇಲೆ ಕೊಡುವುದಾದರೆ ಸೆಕ್ಷನ್ 7(6)ರಂತೆ ಪುಕ್ಕಟೆ ಕೊಡಬೇಕು. 32ನೇ ದಿನ ‘900 ರೂಪಾಯಿ ಕಟ್ಟಿ’ ಎಂದು ಪತ್ರ ಬಂದರೆ ಅದನ್ನೇ ಮೇಲ್ಮನವಿಗೆ ಲಗತ್ತಿಸಿ.

ಕಡತ ಪರಿಶೀಲನೆಯನ್ನು ನಮ್ಮ ಜನ ಬಹಳ ಕಡಿಮೆ ಬಳಸುತ್ತಾರೆ. ಖುದ್ದಾಗಿ ಹೋಗಿ ನೋಡಿದರೆ 300 ಪುಟದಲ್ಲಿ ಬೇಕಾದ 12 ಯಾವುವು ಎಂದು ಗೊತ್ತಾಗುತ್ತದೆ, ಆ 12ಕ್ಕೆ ಮಾತ್ರ ದುಡ್ಡು ಕಟ್ಟಬಹುದು. ಕಂಪ್ಯೂಟರಿನ ಪರದೆಯ ಮೇಲೆ ತೋರಿಸಿರೆಂದೂ ಕೇಳಬಹುದು. ಆಗ ಮೌಸ್ ಹಿಡಿಯುವವರು ಅವರೇ ಆಗಿರಲಿ, ನೀವು ಕೀಬೋರ್ಡ್ ಮುಟ್ಟಬೇಡಿ. ಮುಂದೊಂದು ದಿನ ಏನಾದರೂ ಅಳಿಸಿದೆ ಎಂಬ ಮಾತು ನಿಮ್ಮ ತಲೆಗೆ ಬರಬಾರದು.

ಸಿಡಿಯೋ ಪೆನ್‌ಡ್ರೈವೋ ಕೈಗೆ ಬಂದಾಗ ಅದರೊಂದಿಗಿನ ಪತ್ರದಲ್ಲಿ ಕಡತಗಳ ಹೆಸರು, ಸಂಖ್ಯೆ ಬರೆದಿದೆಯೇ ನೋಡಿ. ಬರೆಯದಿದ್ದರೆ ಬರೆಸಿಕೊಳ್ಳಿ. ಮನೆಗೆ ಬಂದವರೇ ಎಕ್ಸೆಲ್ ತೆರೆದು, ಅಗಲ ಸರಿ ಮಾಡಿ, ಸೇವ್ ಒತ್ತಿಬಿಟ್ಟರೆ ಆ ಕಡತ ಮೂಲವಾಗಿ ಉಳಿಯುವುದಿಲ್ಲ. ಮೊದಲು ಪೂರ್ತಿ ಇನ್ನೊಂದು ಕಡೆ ನಕಲು ಮಾಡಿ, ಕೊಟ್ಟದ್ದನ್ನು ಲಕೋಟೆಗೆ ಹಾಕಿ ಇಟ್ಟುಬಿಡಿ. ಪ್ರತಿ ಕಡತದ ಹ್ಯಾಶ್ ತೆಗೆದು ಬರೆದಿಟ್ಟರೆ ಇನ್ನೂ ಒಳ್ಳೆಯದು. ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಅದು ಅಂಕಿ ಮತ್ತು ಅಕ್ಷರ ಸೇರಿದ 64 ಸ್ಥಾನಗಳ ಒಂದು ಸಾಲು, ಕಡತದ ಬೆರಳ ಗುರುತಿದ್ದಂತೆ. ಒಳಗೆ ಒಂದು ಚುಕ್ಕೆ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಸಲಕರಣೆಯಿಂದ ತೆಗೆಯಬಹುದು, ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳಬೇಕಿಲ್ಲ.

ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ವಿಚಾರ. ಮಾಹಿತಿ ಹಕ್ಕಿನಲ್ಲಿ ಸಿಕ್ಕ ಓಚರ್, ಬಿಲ್, ಎಂ.ಬಿ. ಪುಟ ಹಂಚಿಕೊಳ್ಳಿ, ಅಡ್ಡಿಯಿಲ್ಲ. ಎಲ್ಲಾದರೂ ಆಧಾರ್ ಸಂಖ್ಯೆ ಕಂಡರೆ ಕಪ್ಪು ಬಳಿದೇ ಹಾಕಿ. ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ಆಧಾರ್ ಕಾಯ್ದೆಯ ಸೆಕ್ಷನ್ 29(4) ತಡೆಯುತ್ತದೆ. ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಲದು, ಕೆಳಗಿನ ಅಕ್ಷರವನ್ನು ಆಯ್ದು ನಕಲು ಮಾಡಬಹುದು. ಪ್ರಿಂಟ್ ತೆಗೆದು, ಪೆನ್ನಿನಿಂದ ಮುಚ್ಚಿ, ಮತ್ತೆ ಸ್ಕ್ಯಾನ್ ಮಾಡಿ. ಇನ್ನು ಬರೆಯುವ ಮಾತು: ‘ಬಿಲ್ಲಿನಲ್ಲಿ ಇಷ್ಟು ದೀಪ, ಓಣಿಯಲ್ಲಿ ಎಣಿಸಿದಾಗ ಇಷ್ಟು’ ಎಂದು ಬರೆಯಿರಿ. ‘ಇಂಥವರು ತಿಂದರು’ ಎಂದು ಬರೆದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356ರ ಮಾನನಷ್ಟಕ್ಕೆ ನೀವೇ ದಾರಿ ತೋರಿಸಿದಂತೆ. ‘66ಎ ಹಾಕುತ್ತೇವೆ’ ಎಂದು ಯಾರಾದರೂ ಹೆದರಿಸಿದರೆ ಹೆದರಬೇಡಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ.

ಈಚೆಗೆ ‘ಇದು ವೈಯಕ್ತಿಕ ಮಾಹಿತಿ’ ಎಂಬ ಉತ್ತರ ಹೆಚ್ಚಾಗಬಹುದು. ಕಾರಣ ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಮೂಲಕ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ) ಬದಲಾಗಿದ್ದು ನವೆಂಬರ್ 2025ರಲ್ಲಿ ಜಾರಿಗೆ ಬಂತು. ಮೊದಲು ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವ ವೈಯಕ್ತಿಕ ಮಾಹಿತಿಗೆ ಮಾತ್ರ ಇದ್ದ ವಿನಾಯಿತಿ ಈಗ ವೈಯಕ್ತಿಕ ಮಾಹಿತಿ ಎಂಬುದಕ್ಕೆಲ್ಲ ಹರಡಿಕೊಂಡಿದೆ. ಇದು ಅರ್ಜಿದಾರರ ಕೈ ಕಟ್ಟುವ ತಿದ್ದುಪಡಿ, ಅದರಲ್ಲಿ ಅನುಮಾನ ಬೇಡ. ಆದರೂ ಸಾರ್ವಜನಿಕ ಹಿತ ಹೆಚ್ಚಿದ್ದರೆ ವಿನಾಯಿತಿ ಇದ್ದರೂ ಕೊಡಬಹುದು ಎನ್ನುವ 8(2) ಹಾಗೇ ಇದೆ. ಮುಚ್ಚಬೇಕಾದ್ದನ್ನು ಮುಚ್ಚಿ ಉಳಿದದ್ದನ್ನು ಕೊಡಬೇಕೆನ್ನುವ ಸೆಕ್ಷನ್ 10 ಹಾಗೇ ಇದೆ. ದೀಪ ಸರಬರಾಜು ಮಾಡಿದವರಿಗೆ ಸರ್ಕಾರಿ ಹಣದಲ್ಲಿ ಕೊಟ್ಟ ಬಿಲ್ಲಿನ ಮೊತ್ತ ಅವರ ಮನೆಯ ಗುಟ್ಟೇನಲ್ಲ. ಆಧಾರ್, ಖಾತೆ ಸಂಖ್ಯೆ ಮುಚ್ಚಿ ಕೊಡಿ ಎಂದು ಅರ್ಜಿಯಲ್ಲೇ ಬರೆಯಲು ಹೇಳಿದ್ದು ಈ ನೆಪವನ್ನು ಮೊದಲೇ ಕಿತ್ತುಕೊಳ್ಳಲು.

ಅರ್ಜಿ ಇಲ್ಲದೆಯೂ ಲೆಕ್ಕ ನೋಡುವ ಒಂದು ದಿನ ವರ್ಷಕ್ಕೊಮ್ಮೆ ಬರುತ್ತದೆ: ಜಮಾಬಂದಿ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಪಂಚಾಯ್ತಿಯ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಇಟ್ಟು ಕಾಮಗಾರಿಗಳನ್ನೂ ತೋರಿಸಬೇಕು. ಬಹಳ ಊರುಗಳಲ್ಲಿ ಚಹಾ ಕುಡಿದು ಸಹಿ ಹಾಕಿ ಎದ್ದು ಬರುವುದೇ ಜಮಾಬಂದಿ. ನೀವು ಓಚರ್ ನಕಲು ಹಿಡಿದು ಹೋದರೆ, ಅಧಿಕಾರಿಯನ್ನು ಆ ಮೂರು ಓಣಿಗೆ ಕರೆದೊಯ್ಯುವಂತೆ ಹೇಳಿ ನಡಾವಳಿಯಲ್ಲಿ ಬರೆಸಿದರೆ, ಅದು ಬೇರೆಯೇ ಜಮಾಬಂದಿ.

ಗೆಳೆಯನಿಗೆ ಇಷ್ಟು ಹೇಳಿ: ಪಿಡಿಒ ಪಾಸ್‌ವರ್ಡ್ ತನಗೆ ಗೊತ್ತಿದೆ ಎಂಬುದನ್ನು ಇನ್ನೊಬ್ಬರ ಮುಂದೆ ಆಡಬೇಡ, ಇಂದೇ ಅದನ್ನು ಬದಲಿಸಿಕೊಳ್ಳುವಂತೆ ಸಾಹೇಬರಿಗೆ ಹೇಳು, ಸಾಧ್ಯವಾದರೆ ಟಿಪ್ಪಣಿ ಬರೆದುಕೊಟ್ಟು ಒಂದು ಪ್ರತಿ ಇಟ್ಟುಕೋ. ಮುಂದೆ ತನಿಖೆಯಾದರೆ ಅವನನ್ನು ಕಾಯುವುದು ಆ ಒಂದು ಹಾಳೆ.

ಇನ್ನು ಮೇಲ್ಮನವಿ. ಗ್ರಾಮ ಪಂಚಾಯ್ತಿಗೆ ಪಿಡಿಒ ಮಾಹಿತಿ ಅಧಿಕಾರಿ, ಮೇಲ್ಮನವಿ ತಾಲ್ಲೂಕು ಪಂಚಾಯ್ತಿ ಕಾರ್ಯನಿರ್ವಾಹಕ ಅಧಿಕಾರಿಗೆ, ಅಂದರೆ ಇಒ ಅವರಿಗೆ. ನಿಮ್ಮ ಹಿಂಬರಹದಲ್ಲಿ ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಎಂದು ಬರೆದಿದೆಯೇ ನೋಡಿ. ಬರೆಯದಿದ್ದರೆ ಅದೂ ಸೆಕ್ಷನ್ 7(8)ರ ಉಲ್ಲಂಘನೆ, ಮೇಲ್ಮನವಿಯಲ್ಲಿ ಒಂದು ಅಂಶವಾಗಿ ಸೇರಿಸಿ. ಇಒ 30 ದಿನದಲ್ಲಿ, ಕಾರಣ ಬರೆದಿಟ್ಟರೆ ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗದ ಪೀಠ ಕಲಬುರಗಿಯಲ್ಲೂ ಇದೆ. ಆಯೋಗಕ್ಕೆ ಬರೆಯುವಾಗ ಸೆಕ್ಷನ್ 19(3) ಎಂದೇ ಬರೆಯಿರಿ. ಸೆಕ್ಷನ್ 18ರ ದೂರು ಎಂದು ಬರೆದರೆ ಅಧಿಕಾರಿಗೆ ದಂಡ ಬೀಳಬಹುದು, ದಿನಕ್ಕೆ 250 ರೂಪಾಯಿಯಂತೆ ಹೆಚ್ಚೆಂದರೆ 25,000. ಆದರೆ ಮಾಹಿತಿ ಕೊಡಿ ಎಂದು ಆ ದಾರಿಯಲ್ಲಿ ಆದೇಶ ಮಾಡಲು ಆಯೋಗಕ್ಕೆ ಬರುವುದಿಲ್ಲ ಎಂದು ಮಣಿಪುರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ದಂಡದ ಖುಷಿಗೆ ಓಚರ್ ಕೈಬಿಡಬೇಡಿ.

ಮೇಲ್ಮನವಿಯ ಒಡಲಿಗೆ ನಾಲ್ಕು ಸಾಲು ಸಾಕು: ಇಂಥ ದಿನಾಂಕದ ಅರ್ಜಿ, ಇಂಥ ದಿನಾಂಕದ ಹಿಂಬರಹ, ‘ಗಣಕಯಂತ್ರದಲ್ಲಿದೆ’ ಎಂಬುದು ಸೆಕ್ಷನ್ 8 ಅಥವಾ 9ರ ಯಾವ ವಿನಾಯಿತಿಯೂ ಅಲ್ಲ, ಸೆಕ್ಷನ್ 2(ಜೆ)ಯಂತೆ ಎಲೆಕ್ಟ್ರಾನಿಕ್ ರೂಪದಲ್ಲಿ ಅಥವಾ ಪ್ರಿಂಟ್ ತೆಗೆದು ಶುಲ್ಕವಿಲ್ಲದೆ ಕೊಡಿಸಬೇಕು. ಅರ್ಜಿ, ಶುಲ್ಕದ ರಸೀದಿ, ಹಿಂಬರಹ, ಅದು ಬಂದ ಲಕೋಟೆ, ನಾಲ್ಕರ ನಕಲೂ ಲಗತ್ತಿಸಿ. ಲಕೋಟೆಯ ಮೇಲಿನ ಅಂಚೆ ಮುದ್ರೆಯೇ 30 ದಿನದ ಎಣಿಕೆಗೆ ಸಾಕ್ಷಿ, ಎಸೆಯಬೇಡಿ. ಖುದ್ದಾಗಿ ಹೋಗುವುದಾದರೆ ಎರಡು ಪ್ರತಿ ಒಯ್ದು ಒಂದರ ಮೇಲೆ ಟಪಾಲು ವಿಭಾಗದ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ‘ಸಾಹೇಬರಿಲ್ಲ, ನಾಳೆ ಬನ್ನಿ’ ಎಂದರೆ ನಾಳೆಗೆ ಕಾಯಬೇಡಿ, ಅಲ್ಲಿಂದ ನೇರ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ.